ರೇಡಿಯೊ ಪಕ್ಕದಲ್ಲಿ ಕಂಪ್ಯೂಟರ್: ಹವ್ಯಾಸಿ ಕೇಳುಗರಿಗೆ ಗೊತ್ತಿರಬೇಕಾದ ಸಂಗತಿಗಳು

ಪುಣೆಯದೋ ಮುಂಬೈಯದೋ ಒಂದು ಫ್ಲಾಟ್. ಸಂಜೆ ಕತ್ತಲಾದ ಮೇಲೆ ಹಳೆಯ ಟ್ರಾನ್ಸಿಸ್ಟರ್‌ನಲ್ಲಿ ಮೀಡಿಯಂ ವೇವ್ ತಿರುಗಿಸುತ್ತಾ 765 ಕಿಲೋಹರ್ಟ್ಸ್ ಹತ್ತಿರ ಬಂದರೆ ಧಾರವಾಡ ಆಕಾಶವಾಣಿಯ ಕನ್ನಡ ಸಣ್ಣಗೆ ಕೇಳತೊಡಗುತ್ತದೆ. ಅಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಯಾರೋ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸುತ್ತಾರೆ. 'ಗುರ್ರ್' ಎಂಬ ಸದ್ದಿನಲ್ಲಿ ಧಾರವಾಡ ಮುಳುಗಿಹೋಗುತ್ತದೆ.

ರೇಡಿಯೊ ಹವ್ಯಾಸ ಇರುವವರಿಗೆ ಕಂಪ್ಯೂಟರ್‌ನ ಮೊದಲ ಪರಿಚಯ ಹೆಚ್ಚಾಗಿ ಹೀಗೆ ಶತ್ರುವಾಗಿಯೇ ಆಗುತ್ತದೆ. ಆದರೆ ಸರಿಯಾಗಿ ಜೋಡಿಸಿಕೊಂಡರೆ ಅದೇ ಕಂಪ್ಯೂಟರ್ ನಿಮ್ಮ ಕಿವಿಗೆ ಸಿಗದ ಸಂಕೇತವನ್ನು ಹಿಡಿದುಕೊಡುತ್ತದೆ, ಬಾಹ್ಯಾಕಾಶ ನಿಲ್ದಾಣ ಕಳಿಸುವ ಚಿತ್ರವನ್ನು ಪರದೆಗೆ ತರುತ್ತದೆ, ರಾತ್ರಿಯಿಡೀ ನಿಮ್ಮ ಪರವಾಗಿ ಕೇಳಿ ಬರೆದಿಡುತ್ತದೆ. ತಪ್ಪಾಗಿ ಜೋಡಿಸಿದರೆ ಸೌಂಡ್ ಕಾರ್ಡ್ ಸುಡಬಹುದು, ಕೆಲವು ಹಳೆಯ ಸೆಟ್‌ಗಳ ವಿಷಯದಲ್ಲಿ ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಎರಡನ್ನೂ ಜೊತೆಗೆ ಬಳಸುವ ಬಗೆ ಹೇಗೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಜೋಡಿಸುವ ನಾಲ್ಕು ದಾರಿಗಳು

ರೇಡಿಯೊ ಮತ್ತು ಕಂಪ್ಯೂಟರ್ ನಾಲ್ಕು ಬಗೆಯಲ್ಲಿ ಕೂಡಿ ಕೆಲಸ ಮಾಡುತ್ತವೆ.

1. ರೇಡಿಯೊದ ಧ್ವನಿಯನ್ನು ಕಂಪ್ಯೂಟರ್‌ಗೆ ಕೊಡುವುದು. ರೆಕಾರ್ಡಿಂಗ್, ಡಿಜಿಟಲ್ ಸಂದೇಶಗಳ ಡಿಕೋಡಿಂಗ್ ಇದರಿಂದ ಸಾಧ್ಯ.
2. ಕಂಪ್ಯೂಟರ್‌ನಿಂದ ರೇಡಿಯೊವನ್ನು ನಿಯಂತ್ರಿಸುವುದು. ಸ್ಟೇಷನ್ ಬದಲಿಸುವುದು, ಮೋಡ್ ಬದಲಿಸುವುದು, ಕೇಳಿದ್ದನ್ನು ದಾಖಲಿಸುವುದು.
3. ಕಂಪ್ಯೂಟರನ್ನೇ ರೇಡಿಯೊ ಮಾಡಿಕೊಳ್ಳುವುದು. ಇದೇ ಎಸ್‌ಡಿಆರ್, ಅಂದರೆ ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೊ.
4. ಬೇರೆಲ್ಲೋ ಇರುವ ರೇಡಿಯೊವನ್ನು ಇಂಟರ್ನೆಟ್ ಮೂಲಕ ಕೇಳುವುದು.

ಮೊದಲ ದಾರಿ: ಧ್ವನಿಯ ತಂತಿ

ರೇಡಿಯೊದ ಹೆಡ್‌ಫೋನ್ ಅಥವಾ ಲೈನ್ ಔಟ್ ಕಿಂಡಿಯಿಂದ ಕಂಪ್ಯೂಟರ್‌ನ ಲೈನ್ ಇನ್ ಕಿಂಡಿಗೆ 3.5 ಮಿಲಿಮೀಟರ್ ಕೇಬಲ್ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಸಮಸ್ಯೆ ಏನೆಂದರೆ ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಲೈನ್ ಇನ್ ಇರುವುದಿಲ್ಲ. ಇರುವುದು ಮೈಕ್ ಮತ್ತು ಹೆಡ್‌ಫೋನ್ ಎರಡಕ್ಕೂ ಸೇರಿ ಒಂದೇ ಕಿಂಡಿ. ಮೈಕ್ ಕಿಂಡಿ ತೀರಾ ಸಣ್ಣ ವೋಲ್ಟೇಜ್‌ಗಾಗಿ ಮಾಡಿದ್ದು. ರೇಡಿಯೊದ ಹೆಡ್‌ಫೋನ್ ಔಟ್‌ಪುಟ್ ಅದಕ್ಕೆ ಅತಿಯಾಗುತ್ತದೆ, ಧ್ವನಿ ಒಡೆಯುತ್ತದೆ.

ಪರಿಹಾರ ಸುಲಭ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ತೆಗೆದುಕೊಳ್ಳಿ. ಅದು ಹಾಳಾದರೂ ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಉಳಿಯುತ್ತದೆ. ರೇಡಿಯೊದ ವಾಲ್ಯೂಮ್ ಪೂರ್ತಿ ಇಳಿಸಿ, ತಂತಿ ಸಿಕ್ಕಿಸಿ, ಆಮೇಲೆ ನಿಧಾನವಾಗಿ ಏರಿಸಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಮಟ್ಟ ತೋರಿಸುವ ಪಟ್ಟಿ ಕೆಂಪು ಮುಟ್ಟದಂತೆ ನೋಡಿಕೊಂಡರೆ ಸಾಕು.

ತಂತಿ ಸಿಕ್ಕಿಸಿದ ಕೂಡಲೇ 'ಹುಂ' ಎಂಬ ಸದ್ದು ಬಂದರೆ ಅದು 50 ಹರ್ಟ್ಸ್ ಮನೆ ವಿದ್ಯುತ್ತಿನ ಸದ್ದು. ರೇಡಿಯೊ ಮತ್ತು ಕಂಪ್ಯೂಟರ್ ಎರಡೂ ಬೇರೆ ಬೇರೆ ಪ್ಲಗ್‌ಗಳಿಂದ ಅರ್ಥಿಂಗ್ ಪಡೆದಾಗ ನಡುವೆ ಒಂದು ಸುತ್ತು ಏರ್ಪಡುತ್ತದೆ, ಅದರಲ್ಲಿ ಈ ಸದ್ದು ಹರಿಯುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ಕಾರಣ ಅದೇ. ಶಾಶ್ವತ ಪರಿಹಾರವೆಂದರೆ ನಡುವೆ ಒಂದು ಆಡಿಯೊ ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ಕಾರ್ ಸ್ಟೀರಿಯೊ ಅಂಗಡಿಗಳಲ್ಲಿ 'ಗ್ರೌಂಡ್ ಲೂಪ್ ಐಸೋಲೇಟರ್' ಎಂದು ಕೇಳಿದರೆ ಸಿಗುತ್ತದೆ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಅಜ್ಜನ ಕಾಲದ ವಾಲ್ವ್ ರೇಡಿಯೊ ಮನೆಯಲ್ಲಿದ್ದರೆ ಅದನ್ನು ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಬೇಡಿ. ಎಸಿ, ಡಿಸಿ ಎರಡರಲ್ಲೂ ನಡೆಯುವಂತೆ ಮಾಡಿದ ಹಳೆಯ ಸೆಟ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ಚಾಸಿಗೇ ಮನೆ ವಿದ್ಯುತ್ತಿನ ಸಂಪರ್ಕ ಇರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಯಲ್ಲಿ 230 ವೋಲ್ಟ್ ಇರಬಹುದು. ಅಂಥ ಸೆಟ್‌ಗೆ ತಂತಿ ಜೋಡಿಸಿ ಲ್ಯಾಪ್‌ಟಾಪ್ ಮುಟ್ಟಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಅದರ ಧ್ವನಿ ಬೇಕೆಂದರೆ ಸ್ಪೀಕರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ.

ಕಿವಿ ಸೋಲುವಲ್ಲಿ ಕಂಪ್ಯೂಟರ್

ಧ್ವನಿ ಕಂಪ್ಯೂಟರ್‌ಗೆ ಬಂದ ಮೇಲೆ ನಿಜವಾದ ಮಜಾ ಶುರು. ಹ್ಯಾಮ್‌ಗಳು ಸೌಂಡ್ ಕಾರ್ಡ್ ಬಳಸಿ ಅಕ್ಷರ ಸಂದೇಶ ಕಳಿಸುವ ಪದ್ಧತಿ ಜನಪ್ರಿಯವಾದದ್ದು 1990ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ರೂಪಿಸಿದ ಪಿಎಸ್‌ಕೆ31 ವಿಧಾನದಿಂದ. ಇಂದು ಎಲ್ಲೆಡೆ ಕೇಳುವುದು ಎಫ್‌ಟಿ8. 2017ರಲ್ಲಿ ಬಂದ ಇದನ್ನು ರೂಪಿಸಿದವರು ಅಮೆರಿಕದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಟೇಲರ್ ಸಾಮಾನ್ಯರಲ್ಲ. ಜೋಡಿ ನಕ್ಷತ್ರ ವ್ಯವಸ್ಥೆಯಲ್ಲಿನ ಪಲ್ಸಾರ್ ಪತ್ತೆಗಾಗಿ ರಸೆಲ್ ಹಲ್ಸ್ ಜೊತೆ 1993ರ ಭೌತಶಾಸ್ತ್ರ ನೊಬೆಲ್ ಪಡೆದ ಖಗೋಳ ವಿಜ್ಞಾನಿ. ಗದ್ದಲದಲ್ಲಿ ಹೂತುಹೋದ ಸಂಕೇತವನ್ನು ಹೆಕ್ಕುವುದು ಅವರ ಕಸುಬೇ ಆಗಿತ್ತು.

ಎಫ್‌ಟಿ8ನಲ್ಲಿ ಕಾಲವನ್ನು 15 ಸೆಕೆಂಡುಗಳ ತುಂಡುಗಳಾಗಿ ಹಂಚಲಾಗಿದೆ. ಪ್ರತಿ ಸಂದೇಶ 12.64 ಸೆಕೆಂಡು ನಡೆಯುತ್ತದೆ, ಕೇವಲ 50 ಹರ್ಟ್ಸ್ ಜಾಗ ಸಾಕು. ಮನುಷ್ಯನ ಮಾತಿಗೆ ಬೇಕಾಗುವ ಜಾಗದಲ್ಲಿ ಹತ್ತಾರು ನಿಲ್ದಾಣಗಳು ಒಟ್ಟಿಗೆ ಹಿಡಿಸುತ್ತವೆ. 14.074 ಅಥವಾ 7.074 ಮೆಗಾಹರ್ಟ್ಸ್‌ಗೆ ಎಸ್‌ಎಸ್‌ಬಿ ಸೌಲಭ್ಯವಿರುವ ರೇಡಿಯೊವನ್ನು ಅಪ್ಪರ್ ಸೈಡ್‌ಬ್ಯಾಂಡ್‌ನಲ್ಲಿಟ್ಟು, ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಉಚಿತ ತಂತ್ರಾಂಶ ತೆರೆದರೆ ಪರದೆಯ ಮೇಲೆ ಇಂಡೋನೇಷ್ಯ, ಜಪಾನ್, ರಷ್ಯಾ, ಇಟಲಿಯ ಕರೆಸಂಕೇತಗಳು ಸಾಲಾಗಿ ಬರುತ್ತವೆ. ಕಿವಿಗೆ ಕೇಳಿಸುವುದು ಬರೀ ಸೀಟಿಯಂಥ ಸದ್ದು, ಎಷ್ಟೋ ಸಲ ಅದೂ ಇಲ್ಲ.

ಏನೂ ಬರದಿದ್ದರೆ ಆ್ಯಂಟೆನಾವನ್ನು ಬೈಯುವ ಮೊದಲು ಗಡಿಯಾರ ನೋಡಿ. ಕಂಪ್ಯೂಟರ್ ಸಮಯ ಒಂದೆರಡು ಸೆಕೆಂಡು ತಪ್ಪಿದ್ದರೂ ಎಫ್‌ಟಿ8 ಡಿಕೋಡ್ ಆಗದಿರಬಹುದು. ಇಂಟರ್ನೆಟ್ ಮೂಲಕ ಸಮಯ ಸರಿಪಡಿಸಿಕೊಳ್ಳುವ ಆಯ್ಕೆ ಚಾಲೂ ಇರಲಿ.

ಎರಡನೇ ದಾರಿ: ಕಂಪ್ಯೂಟರ್ ಕೈಗೆ ಗುಂಡಿ

ಹ್ಯಾಮ್‌ಗಳು ಬಳಸುವ ದೊಡ್ಡ ರಿಸೀವರ್, ಟ್ರಾನ್ಸಿವರ್‌ಗಳ ಹಿಂಭಾಗದಲ್ಲಿ ನಿಯಂತ್ರಣ ಕಿಂಡಿ ಇರುತ್ತದೆ. ಐಕಾಮ್ ಸೆಟ್‌ಗಳಲ್ಲಿ ಇದಕ್ಕೆ ಸಿಐ-ವಿ ಎನ್ನುತ್ತಾರೆ, ಯೇಸು ಸೆಟ್‌ಗಳಲ್ಲಿ ಕ್ಯಾಟ್. ಹೊಸ ಸೆಟ್‌ಗಳಲ್ಲಿ ಒಂದೇ ಯುಎಸ್‌ಬಿ ತಂತಿಯಲ್ಲಿ ಧ್ವನಿ, ನಿಯಂತ್ರಣ ಎರಡೂ ಹೋಗುತ್ತವೆ. ಹಳೆಯವಕ್ಕೆ ಪ್ರತ್ಯೇಕ ಕೇಬಲ್ ಬೇಕು. ಸಿಐ-ವಿ ಕಿಂಡಿ 5 ವೋಲ್ಟ್ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಹಳೆಯ ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್ ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಕೊಡುವುದರಿಂದ ನಡುವೆ ಮಟ್ಟ ಬದಲಿಸುವ ಸರ್ಕ್ಯೂಟ್ ಇಲ್ಲದೆ ಜೋಡಿಸಬಾರದು.

ಸಂಪರ್ಕ ಸಿಗದಿದ್ದರೆ ಮೂರು ವಿಷಯ ಪರೀಕ್ಷಿಸಿ: ಪೋರ್ಟ್ ಸಂಖ್ಯೆ, ಬಾಡ್ ರೇಟ್, ರೇಡಿಯೊ ಮಾದರಿ. ರೇಡಿಯೊ ಮೆನುವಿನಲ್ಲೂ ತಂತ್ರಾಂಶದಲ್ಲೂ ಬಾಡ್ ರೇಟ್ ಒಂದೇ ಇರಬೇಕು. ಕೈಯಲ್ಲಿ ಹಿಡಿಯುವ ಶಾರ್ಟ್‌ವೇವ್ ರೇಡಿಯೊಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಅವಕ್ಕೆ ಧ್ವನಿಯ ತಂತಿಯಷ್ಟೇ ಗತಿ.

ಮೂರನೇ ದಾರಿ: ಟಿವಿ ಡಾಂಗಲ್ ರೇಡಿಯೊ ಆದ ಕಥೆ

ಈ ಹವ್ಯಾಸವನ್ನು ತಲೆಕೆಳಗು ಮಾಡಿದ್ದು ಡಿಜಿಟಲ್ ಟಿವಿ ನೋಡಲೆಂದು ಮಾರುತ್ತಿದ್ದ ಪುಟ್ಟ ಯುಎಸ್‌ಬಿ ಕಡ್ಡಿ. ಅದರೊಳಗಿನ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಚಿಪ್‌ನಿಂದ ಕಚ್ಚಾ ರೇಡಿಯೊ ಮಾಹಿತಿಯನ್ನು ನೇರವಾಗಿ ಕಂಪ್ಯೂಟರ್‌ಗೆ ಪಡೆಯಬಹುದೆಂದು 2012ರ ಹೊತ್ತಿಗೆ ಹವ್ಯಾಸಿ ಪ್ರೋಗ್ರಾಮರ್‌ಗಳು ತೋರಿಸಿಕೊಟ್ಟರು. ಓಸ್ಮೋಕಾಮ್ ತಂಡ ಅದಕ್ಕೆ ಮುಕ್ತ ಡ್ರೈವರ್ ಬರೆಯಿತು. ಅಲ್ಲಿಯವರೆಗೆ ದುಬಾರಿ ಉಪಕರಣ ಬೇಕಿದ್ದ ಕೆಲಸ ಕೆಲವೇ ಸಾವಿರ ರೂಪಾಯಿಗೆ ಇಳಿಯಿತು. ಇದೇ ಆರ್‌ಟಿಎಲ್-ಎಸ್‌ಡಿಆರ್.

ಸಾಮಾನ್ಯ ರೇಡಿಯೊ ಒಂದು ಸಲಕ್ಕೆ ಒಂದೇ ಸ್ಟೇಷನ್ ಕೇಳಿಸುತ್ತದೆ. ಎಸ್‌ಡಿಆರ್ ಸುಮಾರು 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಒಟ್ಟಿಗೆ ಕಂಪ್ಯೂಟರ್‌ಗೆ ಕೊಡುತ್ತದೆ. ಪರದೆಯ ಮೇಲೆ ಅದು ಜಲಪಾತದಂತೆ ಇಳಿಯುವ ಬಣ್ಣದ ಚಿತ್ರವಾಗುತ್ತದೆ. ಯಾವ ಗೆರೆ ಹೊಳೆಯುತ್ತದೋ ಅದರ ಮೇಲೆ ಮೌಸ್ ಒತ್ತಿದರೆ ಸ್ಟೇಷನ್ ಸಿಕ್ಕಿತು. ವಿಂಡೋಸ್‌ನಲ್ಲಿ ಎಸ್‌ಡಿಆರ್ ಶಾರ್ಪ್, ಲಿನಕ್ಸ್‌ನಲ್ಲಿ ಜಿಕ್ಯುಆರ್‌ಎಕ್ಸ್, ಎರಡರಲ್ಲೂ ಎಸ್‌ಡಿಆರ್ ಪ್ಲಸ್ ಪ್ಲಸ್ ಇದಕ್ಕೆ ಸಿಗುವ ಉಚಿತ ತಂತ್ರಾಂಶಗಳು.

ಕೊಳ್ಳುವ ಮೊದಲು ಇದರ ಮಿತಿಗಳನ್ನೂ ತಿಳಿದಿರಿ.

* ಆರ್820ಟಿ ಟ್ಯೂನರ್ ಇರುವ ಡಾಂಗಲ್‌ಗಳು ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಕೇಳುತ್ತವೆ. ಮೀಡಿಯಂ ವೇವ್, ಶಾರ್ಟ್‌ವೇವ್ ಇದರಲ್ಲಿ ಬರುವುದಿಲ್ಲ. ಅದಕ್ಕೆ ಡೈರೆಕ್ಟ್ ಸ್ಯಾಂಪ್ಲಿಂಗ್ ಇರುವ ಅಥವಾ ಒಳಗೇ ಅಪ್‌ಕನ್ವರ್ಟರ್ ಇರುವ ಮಾದರಿ ಬೇಕು. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ3ನಲ್ಲಿ ಮೊದಲನೆಯದು, ವಿ4ನಲ್ಲಿ ಎರಡನೆಯದು ಇದೆ.
* ಸಂಕೇತ ಅಳೆಯುವ ಸಾಮರ್ಥ್ಯ ಕೇವಲ 8 ಬಿಟ್. ನಗರದಲ್ಲಿ ಹತ್ತಿರದ ಎಫ್‌ಎಂ ಟವರ್ ಅಬ್ಬರಿಸಿದರೆ ಕ್ಷೀಣ ಸಂಕೇತಗಳು ಕಳೆದುಹೋಗುತ್ತವೆ, ಇಲ್ಲದ ಕಡೆ ಎಫ್‌ಎಂ ಹಾಡು ಕೇಳುತ್ತದೆ. ಆಗ ಗೇನ್ ಇಳಿಸಿ, ಅಥವಾ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ.
* ಡಿಸ್ಕ್ ಜಾಗ ನೋಡಿಕೊಳ್ಳಿ. ಸೆಕೆಂಡಿಗೆ 24 ಲಕ್ಷ ಮಾದರಿ, ಪ್ರತಿಯೊಂದಕ್ಕೂ 2 ಬೈಟ್ ಎಂದರೆ ಸೆಕೆಂಡಿಗೆ 4.8 ಎಂಬಿ. ಇಡೀ ಪಟ್ಟಿಯನ್ನು ಒಂದು ಗಂಟೆ ರೆಕಾರ್ಡ್ ಮಾಡಿದರೆ 17 ಜಿಬಿ ದಾಟುತ್ತದೆ. ಬರೀ ಧ್ವನಿಯನ್ನು 48 ಕಿಲೋಹರ್ಟ್ಸ್, 16 ಬಿಟ್ ಮೋನೊದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 346 ಎಂಬಿ ಸಾಕು.
* ವಿಂಡೋಸ್‌ನಲ್ಲಿ ಡ್ರೈವರ್ ಬದಲಿಸಲು ಜಾಡಿಗ್ ಎಂಬ ಪುಟ್ಟ ತಂತ್ರಾಂಶ ಬಳಸಬೇಕು. ಅಲ್ಲಿ ಡಾಂಗಲ್ ಬದಲು ಕೀಬೋರ್ಡನ್ನೋ ಮೌಸನ್ನೋ ಆರಿಸಿದರೆ ಅದು ಕೆಲಸ ನಿಲ್ಲಿಸುತ್ತದೆ. ಹೆಸರು ಎರಡು ಸಲ ಓದಿ, ಆಮೇಲೆ ಒತ್ತಿ.

ಆಕಾಶದಿಂದ ಬರುವ ಸಂಕೇತ

ಹಲವು ವರ್ಷ ಹವ್ಯಾಸಿಗಳ ಮೊದಲ ಪಾಠ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳಾಗಿದ್ದವು. 137 ಮೆಗಾಹರ್ಟ್ಸ್ ಆಸುಪಾಸಿನ 'ಟಿಕ್ ಟಾಕ್' ಸದ್ದನ್ನು ಕಂಪ್ಯೂಟರ್‌ಗೆ ಕೊಟ್ಟರೆ ಮೋಡಗಳ ಚಿತ್ರ ಬರುತ್ತಿತ್ತು. ನೋವಾ 15, 18, 19 ಮೂರೂ 2025ರಲ್ಲಿ ನಿವೃತ್ತವಾದವು. ಹಳೆಯ ಮಾರ್ಗದರ್ಶಿ ಓದಿ ಅವುಗಳಿಗಾಗಿ ಕಾಯುತ್ತಾ ಛಾವಣಿ ಮೇಲೆ ಕೂರಬೇಡಿ. ರಷ್ಯಾದ ಮೀಟಿಯರ್-ಎಂ ಸರಣಿಯ ಉಪಗ್ರಹಗಳು ಅದೇ ಪಟ್ಟಿಯಲ್ಲಿ ಡಿಜಿಟಲ್ ಚಿತ್ರ ಕಳಿಸುತ್ತವೆ. ಸ್ಯಾಟ್‌ಡಂಪ್ ತಂತ್ರಾಂಶ ಅವನ್ನು ಬಿಡಿಸುತ್ತದೆ. ತಲಾ 53 ಸೆಂಟಿಮೀಟರ್ ಉದ್ದದ ಎರಡು ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ 'ವಿ' ಆಕಾರಕ್ಕೆ ಮಲಗಿಸಿದರೆ ಆ್ಯಂಟೆನಾ ತಯಾರು.

ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೊ ಭೂಮಿಗೆ ಮಾತನಾಡುವುದು 145.800 ಮೆಗಾಹರ್ಟ್ಸ್‌ನಲ್ಲಿ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದಲೇ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಹ್ಯಾಮ್ ರೇಡಿಯೊದಲ್ಲಿ ಸಂಪರ್ಕ ಸಾಧಿಸಿದ್ದರು. ಆಗಾಗ ನಡೆಯುವ ಎಸ್‌ಎಸ್‌ಟಿವಿ ಕಾರ್ಯಕ್ರಮಗಳಲ್ಲಿ ಇದೇ ತರಂಗಾಂತರದಲ್ಲಿ ಚಿತ್ರಗಳು ಬರುತ್ತವೆ. ಒಂದು ಚಿತ್ರಕ್ಕೆ ಸುಮಾರು ಎರಡು ನಿಮಿಷ. ನಿಲ್ದಾಣ ನಿಮ್ಮ ತಲೆ ಮೇಲೆ ಇರುವುದು ಹೆಚ್ಚೆಂದರೆ ಹತ್ತು ನಿಮಿಷ. ವೇಗದ ಕಾರಣ ಸಂಕೇತ ಬರುವಾಗ ಸುಮಾರು 3.5 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಸರಿಯುತ್ತದೆ. ಇದನ್ನು ಸರಿದೂಗಿಸುವ ಕೆಲಸವನ್ನೂ ಕಂಪ್ಯೂಟರ್‌ಗೇ ಬಿಡಬಹುದು.

ಗದ್ದಲದ ವಿರುದ್ಧ ಹೋರಾಟ

ಈಗ ಆರಂಭದ ಸಮಸ್ಯೆಗೆ ಬರೋಣ. ಅಪಾರ್ಟ್‌ಮೆಂಟ್ ವಾಸಿಗಳಿಗೆ ದೊಡ್ಡ ಅಡ್ಡಿ ದೂರವಲ್ಲ, ಗದ್ದಲ. ಲ್ಯಾಪ್‌ಟಾಪ್ ಚಾರ್ಜರ್, ಎಲ್ಇಡಿ ಬಲ್ಬ್, ಇನ್ವರ್ಟರ್, ವೈಫೈ ರೂಟರ್‌ನ ಅಡಾಪ್ಟರ್ ಎಲ್ಲವೂ ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುತ್ತವೆ. ಆ ಕತ್ತರಿಕೆಯ ಸದ್ದೇ ಮೀಡಿಯಂ ವೇವ್‌ನಲ್ಲಿ ಹರಡುತ್ತದೆ.

ಕಾರಣ ಪತ್ತೆಗೆ ಹಳೆಯ ಉಪಾಯ ಇಂದಿಗೂ ಸೈ. ಬ್ಯಾಟರಿ ರೇಡಿಯೊ ಹಚ್ಚಿ, ಮನೆಯ ಮೇನ್ ಸ್ವಿಚ್ ಆರಿಸಿ. ಗದ್ದಲ ನಿಂತರೆ ಅಪರಾಧಿ ನಿಮ್ಮ ಮನೆಯಲ್ಲೇ ಇದ್ದಾನೆ. ಮತ್ತೆ ಸ್ವಿಚ್ ಹಾಕಿ, ಒಂದೊಂದೇ ಉಪಕರಣ ಚಾಲೂ ಮಾಡುತ್ತಾ ಹಿಡಿಯಿರಿ. ಮೇನ್ ಆರಿಸುವ ಮೊದಲು ಡೆಸ್ಕ್‌ಟಾಪ್ ಸರಿಯಾಗಿ ಮುಚ್ಚಿ, ಲಿಫ್ಟ್ ಅಥವಾ ಆಮ್ಲಜನಕ ಯಂತ್ರದಂಥ ಅಗತ್ಯದ ಸಂಪರ್ಕಗಳಿಗೆ ಧಕ್ಕೆ ಬರದಂತೆ ನೋಡಿಕೊಳ್ಳಿ.

ಕೇಳುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರಲಿ. ಡಾಂಗಲನ್ನು ನೇರ ಕಂಪ್ಯೂಟರ್‌ಗೆ ಚುಚ್ಚದೆ ಯುಎಸ್‌ಬಿ ಎಕ್ಸ್‌ಟೆನ್ಷನ್ ಮೂಲಕ ದೂರವಿಡಿ. ತಂತಿಗಳಿಗೆ ಫೆರೈಟ್ ಕ್ಲಿಪ್ ಹಾಕಿ. ಆ್ಯಂಟೆನಾ ಮೇಜಿನ ಮೇಲಲ್ಲ, ಕಿಟಕಿಯ ಹೊರಗಿರಲಿ.

ಜಲಪಾತ ಚಿತ್ರ ಓದಲು ಕಲಿತರೆ ಗದ್ದಲವನ್ನು ಕಣ್ಣಲ್ಲೇ ಗುರುತಿಸಬಹುದು. ಭಾರತದಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ. ಬೆಂಗಳೂರಿನ 612, ಧಾರವಾಡದ 765 ಎರಡೂ 9ರಿಂದ ಶೇಷವಿಲ್ಲದೆ ಭಾಗವಾಗುತ್ತವೆ. ಅಂಥ ಜಾಗದಲ್ಲಿ ಅಲುಗದೆ ನಿಂತ ನೇರ ಗೆರೆ, ಎರಡೂ ಬದಿಗೆ ಮಾತಿನ ಕುಚ್ಚು ಕಂಡರೆ ಅದು ಸ್ಟೇಷನ್. ಅತ್ತಿತ್ತ ತೇಲುವ, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕಾಣುವ ಗೆರೆಗಳು ಯಾವುದೋ ಚಾರ್ಜರ್‌ನ ಕಿತಾಪತಿ.

ಹಗಲಲ್ಲಿ ದೂರದ ಮೀಡಿಯಂ ವೇವ್ ಸಿಗದಿದ್ದರೆ ನಿಮ್ಮ ತಪ್ಪಲ್ಲ. ವಾತಾವರಣದ ಮೇಲಿರುವ ಡಿ ಪದರ ಬಿಸಿಲಿನಲ್ಲಿ ಆ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಇನ್ನೂ ಮೇಲಿನ ಪದರಗಳಿಂದ ತರಂಗ ಪುಟಿದು ನೂರಾರು ಕಿಲೋಮೀಟರ್ ದಾಟುತ್ತದೆ.

ಒಂದು ಮಾತು ಮರೆಯಬೇಡಿ. ಮಳೆಗಾಲಕ್ಕೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಹೊರಗಿನ ಆ್ಯಂಟೆನಾ ತಂತಿಯನ್ನು ರೇಡಿಯೊದಿಂದ ಬಿಚ್ಚಿ ಹೊರಗೆ ಬಿಡಿ. ಗುಡುಗು ಶುರುವಾದ ಮೇಲಲ್ಲ, ಮೊದಲೇ.

ನಾಲ್ಕನೇ ದಾರಿ: ಬೇರೆಯವರ ಆ್ಯಂಟೆನಾ

ಸೊಸೈಟಿಯವರು ತಂತಿ ಕಟ್ಟಲು ಬಿಡುವುದಿಲ್ಲವೇ? ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ರಿಸೀವರನ್ನು ಬ್ರೌಸರ್‌ನಲ್ಲಿ ತೆರೆದು ಯಾರು ಬೇಕಾದರೂ ತಿರುಗಿಸಬಹುದು. ಜಗತ್ತಿನ ಹಲವೆಡೆ ಹವ್ಯಾಸಿಗಳು ಕಿವಿಎಸ್‌ಡಿಆರ್ ಪೆಟ್ಟಿಗೆಗಳನ್ನು ಹೀಗೆಯೇ ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಅವು 30 ಮೆಗಾಹರ್ಟ್ಸ್‌ವರೆಗೆ ಕೇಳುತ್ತವೆ. ಉಪಕರಣ ಕೊಳ್ಳುವ ಮೊದಲು ಇಲ್ಲಿ ಕೈ ಪಳಗಿಸಿಕೊಳ್ಳುವುದು ಜಾಣತನ.

ಕಾನೂನು ಏನು ಹೇಳುತ್ತದೆ?

ಆಕಾಶವಾಣಿಯಂಥ ಪ್ರಸಾರ ಕೇಳಲು ಒಂದು ಕಾಲದಲ್ಲಿ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಆದರೆ ಎಸ್‌ಡಿಆರ್ ಪ್ರಸಾರವಲ್ಲದ ಸಂವಹನವನ್ನೂ ಹಿಡಿಯುತ್ತದೆ. ಪೊಲೀಸ್, ಸೇನೆ, ಖಾಸಗಿ ಮಾತುಕತೆ ಆಲಿಸುವುದು, ಆಲಿಸಿದ್ದನ್ನು ರೆಕಾರ್ಡ್ ಮಾಡಿ ಹಂಚುವುದು ನಿಮ್ಮನ್ನು ಕಷ್ಟಕ್ಕೆ ಸಿಲುಕಿಸುತ್ತದೆ. ಅಧಿಕಾರವಿಲ್ಲದೆ ಸಂವಹನ ಕದ್ದಾಲಿಸುವುದು 2023ರ ದೂರಸಂಪರ್ಕ ಕಾಯ್ದೆಯಡಿ ಶಿಕ್ಷಾರ್ಹ. ಪರದೆಯ ಮೇಲೆ ಗೆರೆ ಕಂಡ ಮಾತ್ರಕ್ಕೆ ಅದರ ಮೇಲೆ ಒತ್ತಬೇಕೆಂದೇನಿಲ್ಲ.

ಮರಳಿ ಮಾತನಾಡಲು, ಅಂದರೆ ಸಂಕೇತ ಕಳಿಸಲು, ಕೇಂದ್ರ ದೂರಸಂಪರ್ಕ ಇಲಾಖೆಯ ಹ್ಯಾಮ್ ಪರವಾನಗಿ ಕಡ್ಡಾಯ. ಅದಕ್ಕೆ ಪರೀಕ್ಷೆ ಇದೆ. 1978ರ ಹವ್ಯಾಸಿ ರೇಡಿಯೊ ನಿಯಮಗಳಲ್ಲಿ ಶಾರ್ಟ್‌ವೇವ್ ಕೇಳುಗರಿಗೇ ಒಂದು ಪ್ರತ್ಯೇಕ ಪರವಾನಗಿ ವರ್ಗವೂ ಇತ್ತು. ಹೊಸ ಉಪಕರಣ ಕೊಳ್ಳುವ ಮುನ್ನ ನಿಮ್ಮ ಊರಿನ ಹ್ಯಾಮ್ ಕ್ಲಬ್‌ನವರನ್ನು ಕೇಳಿ, ಸದ್ಯದ ನಿಯಮ ತಿಳಿದುಕೊಳ್ಳಿ.

ಕೇಳಿದ್ದನ್ನು ಬರೆದಿಡಿ

ಸ್ಟೇಷನ್ ಸಿಕ್ಕಿತು ಎಂದರೆ ಕೆಲಸ ಮುಗಿಯಲಿಲ್ಲ. ದಿನಾಂಕ, ತರಂಗಾಂತರ, ಅಂತಾರಾಷ್ಟ್ರೀಯ ಸಮಯ, ಕೇಳಿದ ಕಾರ್ಯಕ್ರಮದ ವಿವರ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಿರಿ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಅಂತಾರಾಷ್ಟ್ರೀಯ ಸಮಯ. ರಾತ್ರಿ 8.30 ಎಂದರೆ 15.00. ಗುಣಮಟ್ಟಕ್ಕೆ ಸಿನ್ಪೊ ಎಂಬ ಅಳತೆ ಇದೆ: ಶಕ್ತಿ, ಅಡ್ಡಿ, ಗದ್ದಲ, ಏರಿಳಿತ, ಒಟ್ಟಾರೆ ಗುಣ ಎಂಬ ಐದಕ್ಕೂ 1ರಿಂದ 5ರವರೆಗೆ ಅಂಕ. ಇಂಥ ವರದಿಗೆ ಅನೇಕ ಸ್ಟೇಷನ್‌ಗಳು ಕ್ಯುಎಸ್‌ಎಲ್ ಕಾರ್ಡ್ ಕಳಿಸಿ ದೃಢೀಕರಿಸುತ್ತವೆ. ಜೊತೆಗೆ ಒಂದು ನಿಮಿಷದ ರೆಕಾರ್ಡಿಂಗ್ ಇದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಕನ್ನಡಿಗರಿಗೆ ಈ ಹವ್ಯಾಸ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಆರಂಭಿಸಿದ ನಿಲಯಕ್ಕೇ 'ಆಕಾಶವಾಣಿ' ಎಂಬ ಹೆಸರಿತ್ತು. 2005ರಲ್ಲಿ ಇಸ್ರೊ ಪಿಎಸ್‌ಎಲ್‌ವಿ ಮೇಲೆ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹವನ್ನೇ ಹವ್ಯಾಸಿಗಳಿಗಾಗಿ ಕಳಿಸಿತ್ತು.

ಇಂದು ರಾತ್ರಿಯೇ ಶುರು ಮಾಡಲು ದೊಡ್ಡ ಖರ್ಚೇನೂ ಬೇಡ. ಮನೆಯಲ್ಲಿರುವ ರೇಡಿಯೊ, ಒಂದು ಆಡಿಯೊ ತಂತಿ, ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪ್ ಇದ್ದರೆ ಸಾಕು. ಊಟ ಮುಗಿಸಿ ಕಿಟಕಿ ಪಕ್ಕ ಕುಳಿತು, ಚಾರ್ಜರ್ ಕಿತ್ತು, 765ಕ್ಕೆ ತಿರುಗಿಸಿ, ರೆಕಾರ್ಡ್ ಗುಂಡಿ ಒತ್ತಿ. ಬೆಳಗ್ಗೆ ಕಾಫಿ ಕುಡಿಯುತ್ತಾ ಅದನ್ನು ಮತ್ತೆ ಕೇಳಿ. ಗದ್ದಲದ ನಡುವೆ ಒಂದು ವಾಕ್ಯ ಕನ್ನಡ ಸ್ಪಷ್ಟವಾಗಿ ಸಿಕ್ಕರೂ ನಿಮ್ಮ ದಾಖಲೆ ಪುಸ್ತಕದ ಮೊದಲ ಸಾಲು ಅದೇ.